ಸ್ಮಾರ್ಟ್ ಲಾಕ್ ಹಾಕಿಸುತ್ತೀರಾ? ಮೊದಲು ಬಾಗಿಲು ನೋಡಿ

ನಿಮ್ಮ ಮನೆಯ ಬೀಗದ ಕೈ ಈಗ ಯಾರ ಯಾರ ಹತ್ತಿರ ಇದೆ? ಒಂದು ನಿಮಿಷ ಕೂತು ಲೆಕ್ಕ ಹಾಕಿ. ನಿಮ್ಮ ಹತ್ತಿರ ಒಂದು, ಮನೆಯವರ ಹತ್ತಿರ ಒಂದು, ಎದುರು ಮನೆಯ ಆಂಟಿ ಹತ್ತಿರ ಒಂದು, ಅಡುಗೆಗೆ ಬರುವವರ ಹತ್ತಿರ ಒಂದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರು ವಾಪಸ್ ಕೊಟ್ಟಿದ್ದರಾ? ಪೇಂಟಿಂಗ್ ಮಾಡಿಸುವಾಗ ಕಂಟ್ರಾಕ್ಟರ್‌ಗೆ ಕೊಟ್ಟಿದ್ದ ಕೀ ಎಲ್ಲಿ ಹೋಯಿತು? ಬಾಡಿಗೆ ಮನೆಯಾದರೆ ಕೇಳಲೇಬೇಡಿ. ನಿಮಗಿಂತ ಮುಂಚೆ ಇದ್ದವರು ಎಷ್ಟು ನಕಲಿ ಕೀ ಮಾಡಿಸಿಕೊಂಡಿದ್ದರು ಅನ್ನುವುದು ಮಾಲೀಕರಿಗೂ ಗೊತ್ತಿರುವುದಿಲ್ಲ. ಬಸ್ ಸ್ಟ್ಯಾಂಡ್ ಪಕ್ಕ ಕೂರುವ ಕೀ ಮಾಡುವವರು ಹತ್ತು ನಿಮಿಷದಲ್ಲಿ ಒಂದು ಕೊರೆದು ಕೊಡುತ್ತಾರೆ.

ಸ್ಮಾರ್ಟ್ ಲಾಕ್ ಅಂದರೆ ಬೆರಳಚ್ಚು, ನಂಬರ್, ಕಾರ್ಡ್ ಅಥವಾ ಫೋನಿನಿಂದ ತೆಗೆಯುವ, ಬ್ಯಾಟರಿಯಲ್ಲಿ ಓಡುವ ಬೀಗ. ಅದರಿಂದ ಆಗುವ ದೊಡ್ಡ ಉಪಯೋಗ ಇಲ್ಲಿದೆ. ಯಾರು ಒಳಗೆ ಬರಬಹುದು, ಯಾವಾಗಿನಿಂದ ಬರಬಾರದು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಕೆಲಸದವರು ಬದಲಾದರೆ ಬೀಗ ಬದಲಾಯಿಸಬೇಕಿಲ್ಲ, ಬಾಗಿಲು ತೆಗೆಯಲು ಅವರಿಗೆ ಕೊಟ್ಟಿದ್ದ ನಂಬರ್ ಅಳಿಸಿದರೆ ಸಾಕು. ಆದರೆ ಕಳ್ಳನನ್ನು ತಡೆಯುವುದು ಮಾತ್ರ ಬಾಗಿಲೇ. ರಾತ್ರಿ ಬೀಗ ಒಡೆಯಲು ಬರುವವನು ಕಬ್ಬಿಣದ ರಾಡ್ ತರುತ್ತಾನೆ, ಲ್ಯಾಪ್‌ಟಾಪ್ ಅಲ್ಲ. ಚೌಕಟ್ಟಿನ ಸಂದಿಗೆ ರಾಡ್ ತೂರಿಸಿ ಒಂದು ಸಲ ಒತ್ತಿದರೆ ಮರ ಸೀಳುತ್ತದಾ, ತಡೆಯುತ್ತದಾ? ಆ ಪ್ರಶ್ನೆಗೆ ನಿಮ್ಮ ಬೀಗದ ಬೆಲೆ ಇಪ್ಪತ್ತೈದು ಸಾವಿರ ಅನ್ನುವುದು ಉತ್ತರ ಆಗುವುದಿಲ್ಲ.

ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಬಾಗಿಲಿನ ಮುಂದೆ ನಿಂತುಕೊಳ್ಳಿ.

ಬಾಗಿಲು ಹಾಕಿ, ಈಗಿರುವ ಬೀಗ ಹಾಕಿ, ಹೊರಗಿನಿಂದ ಭುಜ ಕೊಟ್ಟು ನೂಕಿ. ಅಲ್ಲಾಡುತ್ತದಾ? ಬೆರಳಿನ ಗೆಣ್ಣಿನಿಂದ ಬಾಗಿಲಿನ ಮಧ್ಯ ಮತ್ತು ಬೀಗದ ಸುತ್ತ ತಟ್ಟಿ ಕೇಳಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಒಳಗೆ ಗಟ್ಟಿ ಮರ ಇಲ್ಲ ಅಂತ ಅರ್ಥ, ಅಂಥ ಬಾಗಿಲಿಗೆ ದುಬಾರಿ ಬೀಗ ಹಾಕುವುದು ದಂಡ. ಮೊದಲು ಬಾಗಿಲು ಬದಲಾಯಿಸಿ. ಆಮೇಲೆ ಚೌಕಟ್ಟಿನಲ್ಲಿ ಬೀಗದ ನಾಲಿಗೆ ಹೋಗಿ ಕೂರುವ ತೂತಿನ ಸುತ್ತ ಒಂದು ಲೋಹದ ಪಟ್ಟಿ ಇರುತ್ತದಲ್ಲ, ಅದರ ಒಂದು ಸ್ಕ್ರೂ ಬಿಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ಅದು ಉಗುರಿನಷ್ಟು ಉದ್ದ ಇರುತ್ತದೆ. ಎರಡೂವರೆ, ಮೂರು ಇಂಚಿನ ಸ್ಕ್ರೂ ತಂದು ಚೌಕಟ್ಟಿನ ಮರದ ಆಳಕ್ಕೆ ಹಿಡಿಯುವ ಹಾಗೆ ಹಾಕಿಸಿ, ಪಟ್ಟಿ ತೆಳ್ಳಗಿದ್ದರೆ ದಪ್ಪನೆಯದ್ದು ಹಾಕಿಸಿ. ನೂರಿನ್ನೂರು ರೂಪಾಯಿಯ ಕೆಲಸ. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಭದ್ರತೆ ಕೊಡುವ ಕೆಲಸ ಇದೇ. ಹಿಂಜುಗಳನ್ನೂ ನೋಡಿ. ಭಾರದ ಬಾಗಿಲಿಗೆ ಮೂರು ಬೇಕು. ಬಾಗಿಲು ಹೊರಗೆ ತೆರೆಯುವುದಾದರೆ ಹಿಂಜಿನ ಪಿನ್ನು ಹೊರಗಡೆ ಇರುತ್ತದೆ, ಅದನ್ನು ಬಡಿದು ತೆಗೆಯಲು ಆಗದಂಥ ಹಿಂಜು ಹಾಕಿಸಿ.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ತೀರ್ಥಹಳ್ಳಿ ಹತ್ತಿರದ ನಮ್ಮ ಊರಿನ ಮನೆಗೆ ನಾವು ಏಪ್ರಿಲ್‌ನಲ್ಲಿ ಸ್ಮಾರ್ಟ್ ಲಾಕ್ ಹಾಕಿಸಿದ್ದೆವು. ಬಾಗಿಲು ಬೆಣ್ಣೆಯಂತೆ ಕೂರುತ್ತಿತ್ತು. ಜುಲೈನಲ್ಲಿ ಮಳೆ ಹಿಡಿದ ಮೇಲೆ ಮರ ಉಬ್ಬಿತು. ಬೀಗದ ನಾಲಿಗೆ ತೂತಿಗೆ ಸರಿಯಾಗಿ ಸಿಗದೆ ಪಟ್ಟಿಯ ಅಂಚಿಗೆ ಬಡಿಯಲು ಶುರುವಾಯಿತು. ಮೋಟಾರು ಗುರ್ ಅಂತ ಒಂದು ಸಲ ತಳ್ಳುತ್ತದೆ, ವಾಪಸ್ ಬರುತ್ತದೆ, ಮತ್ತೆ ತಳ್ಳುತ್ತದೆ, ಕೊನೆಗೆ ಕೆಂಪು ದೀಪ ಹಾಕಿ ಕೂಗುತ್ತದೆ. ಕೈಬೀಗ ಆಗಿದ್ದರೆ ನಾವೇ ಬಾಗಿಲನ್ನು ಸ್ವಲ್ಪ ಎತ್ತಿ ಎಳೆದು ಹಾಕಿಕೊಳ್ಳುತ್ತೇವೆ, ಮೋಟಾರಿಗೆ ಆ ಉಪಾಯ ಗೊತ್ತಿಲ್ಲ. ಹೀಗೆ ಒದ್ದಾಡಿ ಒದ್ದಾಡಿ ಬ್ಯಾಟರಿಯೂ ಎರಡೇ ತಿಂಗಳಿಗೆ ಖಾಲಿ. ಬಡಗಿಯನ್ನು ಕರೆಸಿ ಅಂಚನ್ನು ಕೀಸಿಸಿದೆವು, ಕೀಸಿದ ಜಾಗ ನೀರು ಕುಡಿಯದ ಹಾಗೆ ಬಣ್ಣ ಬಳಿಸಿದೆವು, ತೂತನ್ನು ಒಂದೆರಡು ಮಿಲಿಮೀಟರ್ ದೊಡ್ಡದು ಮಾಡಿಸಿದೆವು. ಆಮೇಲೆ ಸರಿಹೋಯಿತು. ಆದ್ದರಿಂದ ಮಳೆ ಜಾಸ್ತಿ ಇರುವ ಊರಿನಲ್ಲಿ ಬೇಸಿಗೆಯ ಅಳತೆ ನಂಬಬೇಡಿ. ಸಾಧ್ಯವಾದರೆ ಆಗಸ್ಟ್‌ನಲ್ಲಿ ಬಾಗಿಲು ಹೇಗೆ ಕೂರುತ್ತದೆ ನೋಡಿಕೊಂಡು ಆಮೇಲೆ ಹಾಕಿಸಿ.

ಅಳತೆ ತೆಗೆದುಕೊಳ್ಳುವುದು

ಟೇಪು ಹಿಡಿದು ನಾಲ್ಕು ಅಳತೆ ಬರೆದುಕೊಳ್ಳಿ. ಬಾಗಿಲಿನ ದಪ್ಪ ಎಷ್ಟು ಮಿಲಿಮೀಟರ್. ಬಾಗಿಲಿನ ಅಂಚಿನಿಂದ ಈಗಿರುವ ಹ್ಯಾಂಡಲ್ ಅಥವಾ ಕೀ ತೂತಿನ ನಡುಮಧ್ಯಕ್ಕೆ ಎಷ್ಟು. ಕೆತ್ತನೆಯ ಅಥವಾ ಪ್ಯಾನಲ್ ಬಾಗಿಲಾದರೆ ಅಂಚಿನ ಸಪಾಟು ಪಟ್ಟಿ ಎಷ್ಟು ಅಗಲ, ಯಾಕೆಂದರೆ ಬೀಗದ ಹೊರಮೈ ಆ ಸಪಾಟಿನ ಮೇಲೇ ಕೂರಬೇಕು. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಮುಂಬಾಗಿಲಿಗೂ ಹೊರಗಿನ ಗ್ರಿಲ್ ಬಾಗಿಲಿಗೂ ನಡುವೆ ಜಾಗ ಎಷ್ಟಿದೆ? ಅಪಾರ್ಟ್‌ಮೆಂಟಿನಲ್ಲಿ ಇದು ತುಂಬಾ ಕಾಡುವ ಸಮಸ್ಯೆ. ಸ್ಮಾರ್ಟ್ ಲಾಕಿನ ಹ್ಯಾಂಡಲ್ ಹೊರಗೆ ಚಾಚಿಕೊಂಡಿರುತ್ತದೆ, ಗ್ರಿಲ್ ಹಾಕಲು ಹೋದರೆ ಅದಕ್ಕೆ ತಾಗುತ್ತದೆ. ಬಾಗಿಲನ್ನು ಎದುರಿನಿಂದ, ಹಿಂದಿನಿಂದ, ಅಂಚಿನ ಕಡೆಯಿಂದ ಫೋಟೋ ತೆಗೆದು ಮಾರುವವರಿಗೆ ಕಳಿಸಿ, ಕೂರುತ್ತದೆ ಅಂತ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಕೊರೆದ ಮೇಲೆ ಬಾಗಿಲು ವಾಪಸ್ ಬರುವುದಿಲ್ಲ.

ನಮ್ಮಲ್ಲಿ ಸಿಗುವವು ಮುಖ್ಯವಾಗಿ ಎರಡು ತರಹ. ಮಾರ್ಟಿಸ್ ಅನ್ನುವುದು ಬಾಗಿಲಿನ ಅಂಚನ್ನು ಕೊರೆದು ಒಳಗೆ ಕೂರಿಸುವುದು, ಹ್ಯಾಂಡಲ್ ಸಮೇತ ಬರುತ್ತದೆ, ಗಟ್ಟಿ ಮತ್ತು ನೋಡಲು ಚೆನ್ನ. ರಿಮ್ ಅನ್ನುವುದು ಬಾಗಿಲಿನ ಒಳಮೈಗೆ ಪೆಟ್ಟಿಗೆಯಂತೆ ಕೂರುತ್ತದೆ, ಕೊರೆಯುವುದು ಕಡಿಮೆ. ಬಾಗಿಲು ತೆಳ್ಳಗಿದ್ದರೆ, ಹಳೆಯದಾಗಿದ್ದರೆ ರಿಮ್ ವಾಸಿ. ಜೋಡಿ ಕದದ ಬಾಗಿಲಿದ್ದರೆ ಇನ್ನೊಂದು ಕದಕ್ಕೆ ಮೇಲೆ ಕೆಳಗೆ ಎರಡೂ ಕಡೆ ಗಟ್ಟಿ ಚಿಲಕ ಬೇಕು, ಇಲ್ಲದಿದ್ದರೆ ಎರಡೂ ಕದ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಜ್ಜನ ಕಾಲದ ಕೆತ್ತನೆಯ ತೇಗದ ಬಾಗಿಲಿಗೆ ಮಾತ್ರ ದಯವಿಟ್ಟು ಡ್ರಿಲ್ ಹಿಡಿಯಬೇಡಿ. ಅದಕ್ಕೆ ಹಳೆಯ ಅಗುಳಿಯೇ ಇರಲಿ, ದಿನಾ ಓಡಾಡುವ ಇನ್ನೊಂದು ಬಾಗಿಲಿಗೆ ಹಾಕಿಸಿ.

ಬೆರಳು, ನಂಬರ್, ಕಾರ್ಡ್, ಫೋನ್

ಅಂಗಡಿಯಲ್ಲಿ ಎಲ್ಲರೂ ತೋರಿಸುವುದು ಬೆರಳಚ್ಚು. ಅಂಗಡಿಯವರ ಬೆರಳಿಗೆ ಟಕ್ ಅಂತ ತೆಗೆಯುತ್ತದೆ. ನಮ್ಮ ಅಮ್ಮನ ಬೆರಳಿಗೆ ತೆಗೆಯಲಿಲ್ಲ. ಐವತ್ತು ವರ್ಷ ಪಾತ್ರೆ ತಿಕ್ಕಿ, ಅಡಿಕೆ ಸುಲಿದು, ಬಟ್ಟೆ ಒಗೆದ ಕೈ ಅದು. ಬಲಗೈ ಹೆಬ್ಬೆಟ್ಟಿನ ಗೆರೆಗಳು ಸವೆದು ನುಣ್ಣಗಾಗಿವೆ. ಮೂರು ದಿನ ಬಾಗಿಲಲ್ಲಿ ನಿಂತು, ಒರೆಸಿ, ಮತ್ತೆ ಇಟ್ಟು, "ನನ್ನ ಕೈಯೇ ಸರಿ ಇಲ್ಲವೇನೋ ಮಗಾ" ಅಂದರು. ನನಗೆ ತುಂಬಾ ಬೇಜಾರಾಯಿತು. ತಪ್ಪು ಅಮ್ಮನದ್ದಲ್ಲ, ನೋಂದಣಿ ಮಾಡಿದ ರೀತಿಯದ್ದು. ಆಮೇಲೆ ಎಡಗೈ ಉಂಗುರದ ಬೆರಳು ನೋಂದಾಯಿಸಿದೆವು, ಅದು ಕಡಿಮೆ ಸವೆದಿರುತ್ತದೆ. ಒಂದೇ ಬೆರಳನ್ನು ಮೂರು ಸಲ, ಮೂರು ಬೇರೆ ಹೆಸರಿನಲ್ಲಿ, ನೇರ ಇಟ್ಟು, ಸ್ವಲ್ಪ ಓರೆಯಾಗಿಟ್ಟು, ಕೈ ಸ್ವಲ್ಪ ಒದ್ದೆ ಇದ್ದಾಗ ಒಂದು ಸಲ. ಈಗ ಹತ್ತರಲ್ಲಿ ಒಂಬತ್ತು ಸಲ ತೆಗೆಯುತ್ತದೆ. ಹತ್ತನೆಯ ಸಲಕ್ಕೆ ಅವರ ಚೀಲದಲ್ಲಿ ಒಂದು ಕಾರ್ಡ್ ಇದೆ.

ಬೆರಳಿನ ಗೆರೆಗಳನ್ನು ವಿದ್ಯುತ್ತಿನಿಂದ ಗುರುತಿಸುವ ಸೆಮಿಕಂಡಕ್ಟರ್ ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. ಬೆರಳಿನ ಬರೀ ಫೋಟೋ ತೆಗೆಯುವ ಆಪ್ಟಿಕಲ್ ಸೆನ್ಸರಿಗಿಂತ ಅದನ್ನು ಮೋಸ ಮಾಡುವುದು ಕಷ್ಟ. ಅಷ್ಟೇ ಅಲ್ಲ, ಮನೆಯಲ್ಲಿ ವಯಸ್ಸಾದವರು, ತೋಟದ ಕೆಲಸದವರು, ಗಾರೆ ಕೆಲಸದವರು ಇದ್ದರೆ ಕೊಳ್ಳುವ ಮುಂಚೆ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅವರ ಬೆರಳಿನಲ್ಲೇ ಪರೀಕ್ಷೆ ಮಾಡಿ. ಮದುವೆ ಸಮಯದಲ್ಲಿ ಕೈತುಂಬಾ ಮೆಹಂದಿ ಹಾಕಿಕೊಂಡಾಗಲೂ ಕೆಲವು ಸೆನ್ಸರ್‌ಗಳು ಗುರುತು ಹಿಡಿಯಲು ತಡವರಿಸುತ್ತವೆ, ಆಗ ನಂಬರ್ ನೆನಪಿರಲಿ.

ನಂಬರ್ ಅಂದರೆ ಹುಟ್ಟಿದ ವರ್ಷ, ಮನೆ ನಂಬರ್, ಬೈಕ್ ನಂಬರ್, 1234 ಯಾವುದೂ ಬೇಡ. ಆರು ಅಂಕಿ ಇಡಿ. ಗಾಜಿನ ಮೇಲೆ ಬೆರಳಿನ ಎಣ್ಣೆ ಕಲೆ ಉಳಿಯುತ್ತದೆ, ಬೆಳಕಿಗೆ ಓರೆಯಾಗಿ ನೋಡಿದರೆ ಯಾವ ನಾಲ್ಕೈದು ಅಂಕಿ ಒತ್ತಿದ್ದಾರೆ ಅಂತ ಕಾಣುತ್ತದೆ, ಅದಕ್ಕೆ ಆಗಾಗ ಬಟ್ಟೆಯಿಂದ ಒರೆಸಿ. ಎಷ್ಟೋ ಲಾಕ್‌ಗಳಲ್ಲಿ ಸರಿಯಾದ ನಂಬರಿನ ಹಿಂದೆ ಮುಂದೆ ಬಾಯಿಗೆ ಬಂದ ಅಂಕಿ ಸೇರಿಸಿ ಒತ್ತಿದರೂ ತೆಗೆಯುತ್ತದೆ. ಲಿಫ್ಟಿನ ಮುಂದೆ ಯಾರಾದರೂ ನಿಂತಿದ್ದರೆ ಹಾಗೇ ಮಾಡಿ.

ಕಾರ್ಡಿನಲ್ಲಿ ಒಂದು ಎಚ್ಚರ ಬೇಕು. ಹಳೆಯ ಕಾಲದ 125 ಕಿಲೋಹರ್ಟ್ಸ್ ಕಾರ್ಡ್‌ಗಳನ್ನು ಸುಲಭವಾಗಿ ನಕಲು ಮಾಡಬಹುದು. ಅದಕ್ಕಿಂತ ವಾಸಿ ಅಂದುಕೊಂಡಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಟ್ಟನ್ನು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಬಯಲು ಮಾಡಿದ್ದಾರೆ. ಮನೆಯವರಿಗೆ ಒಂದೆರಡು ಕಾರ್ಡ್ ಸಾಕು, ಸಿಕ್ಕಸಿಕ್ಕವರಿಗೆ ಹಂಚಬೇಡಿ. ಕಳೆದುಹೋದರೆ ಅವತ್ತೇ ಅಳಿಸಿ.

ಇಂಟರ್ನೆಟ್ ಬೇಕಾ?

ಎಲ್ಲರಿಗೂ ಬೇಡ. ಮನೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ ಅಂದರೆ ಬೆರಳು, ನಂಬರ್ ಇರುವ ಲಾಕ್ ಸಾಕು, ಸುಮ್ನೆ ವೈಫೈಗೆ ದುಡ್ಡು ಕೊಡಬೇಡಿ. ವೈಫೈ ಬ್ಯಾಟರಿಯನ್ನೂ ಜಾಸ್ತಿ ತಿನ್ನುತ್ತದೆ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು, ಮಗು ಮೂರು ಗಂಟೆಗೆ ಸ್ಕೂಲಿನಿಂದ ಬಂತಾ ಅಂತ ತಿಳಿಯಬೇಕು, ಊರಲ್ಲಿ ಒಬ್ಬರೇ ಇರುವ ಅಪ್ಪನ ಮನೆ ಬಾಗಿಲನ್ನು ಅಮೆರಿಕದಿಂದ ಪಕ್ಕದವರಿಗೆ ತೆಗೆದುಕೊಡಬೇಕು, ಇಂಥ ಅಗತ್ಯ ಇದ್ದರೆ ಬೇಕು. ಆಗ ಮನೆಯ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿ (ವೈಫೈ ಸಿಗ್ನಲ್‌ನ ಒಂದು ಬಗೆ) ಬಾಗಿಲಿನ ತನಕ ಮುಟ್ಟುತ್ತದಾ ನೋಡಿ, ಹೆಚ್ಚಿನ ಲಾಕ್‌ಗಳು ಅದನ್ನೇ ಹಿಡಿಯುವುದು. ರೂಟರನ್ನು ಯುಪಿಎಸ್‌ಗೆ ಸೇರಿಸಿ, ಕರೆಂಟ್ ಹೋದಾಗಲೇ ಬೇಕಾಗುತ್ತದೆ.

ಭಯ ಹುಟ್ಟಿಸಲು ಹೇಳುತ್ತಿಲ್ಲ, ಆದರೆ ಆಗಿರುವುದನ್ನು ತಿಳಿದಿರಬೇಕು. 2016ರಲ್ಲಿ ಅಮೆರಿಕದಲ್ಲಿ ನಡೆಯುವ ಡೆಫ್ ಕಾನ್ ಅನ್ನುವ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು 16 ಬ್ಲೂಟೂತ್ ಲಾಕ್ ಪರೀಕ್ಷೆ ಮಾಡಿ 12ನ್ನು ತೆಗೆದು ತೋರಿಸಿದರು. ಕೆಲವು ಲಾಕ್‌ಗಳು ಪಾಸ್‌ವರ್ಡನ್ನು ಗಾಳಿಯಲ್ಲಿ ಯಾರು ಬೇಕಾದರೂ ಓದುವ ಹಾಗೆ ಕಳಿಸುತ್ತಿದ್ದವು. 2018ರಲ್ಲಿ ಟ್ಯಾಪ್‌ಲಾಕ್ ಅನ್ನುವ ಬೆರಳಚ್ಚಿನ ಪ್ಯಾಡ್‌ಲಾಕನ್ನು ಬ್ರಿಟನ್ನಿನ ಪರೀಕ್ಷಕರು ಫೋನಿನಿಂದ ಎರಡು ಸೆಕೆಂಡಿನೊಳಗೆ ತೆಗೆದರು. ಅದರ ಗುಪ್ತ ಕೀಲಿಯನ್ನು ಲಾಕ್ ತಾನೇ ಎಲ್ಲರಿಗೂ ಸಾರುವ ಬ್ಲೂಟೂತ್ ವಿಳಾಸದಿಂದ ಲೆಕ್ಕ ಹಾಕಬಹುದಿತ್ತು. ಹಾಗಾಗಿ ಹೆಸರೇ ಕೇಳದ ಅಗ್ಗದ ಲಾಕ್ ಬೇಡ. ಅಪ್‌ಡೇಟ್ ಕೊಡುತ್ತಾ ಇರುವ, ನಿಮ್ಮ ತಾಲ್ಲೂಕಿಗೆ ಸರ್ವಿಸ್‌ನವರು ಬರುವ ಕಂಪನಿಯದ್ದು ನೋಡಿ. ಅಪ್‌ಡೇಟ್ ಹಾಕುವಾಗಲೂ ಬಾಗಿಲು ತೆರೆದಿಟ್ಟುಕೊಂಡು, ಲಾಕಿನ ಜೊತೆ ಬಂದ ಕೀ ಜೇಬಿನಲ್ಲಿಟ್ಟುಕೊಂಡು ಹಾಕಿ. 2017ರಲ್ಲಿ ಅಮೆರಿಕದ ಒಂದು ಕಂಪನಿ ತಪ್ಪು ಅಪ್‌ಡೇಟ್ ಕಳಿಸಿ ಸುಮಾರು 500 ಗಿರಾಕಿಗಳ ಲಾಕ್ ಕೆಲಸ ಮಾಡದ ಹಾಗಾಗಿತ್ತು.

ಇದೆಲ್ಲಕ್ಕಿಂತ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು ತೀರಾ ಸಣ್ಣದು. ಫಿಟ್ಟಿಂಗ್‌ಗೆ ಬಂದ ಹುಡುಗ ಬೇಗ ಮುಗಿಸಲು ತನ್ನ ಫೋನಿನಲ್ಲೇ ಆ್ಯಪ್ ತೆರೆದು ಸೆಟ್ ಮಾಡಿ ಹೋಗುತ್ತಾನೆ. ಅಲ್ಲಿಗೆ ನಿಮ್ಮ ಬಾಗಿಲಿನ ಯಜಮಾನ ಯಾರು? ಅವನು ಒಳ್ಳೆಯವನೇ ಇರಬಹುದು, ಆದರೂ ಖಾತೆ ನಿಮ್ಮ ಫೋನಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲೇ ಆಗಬೇಕು. ಲಾಕಿನ ಸೆಟ್ಟಿಂಗ್‌ಗಳನ್ನೆಲ್ಲ ಬದಲಾಯಿಸಬಲ್ಲ, ಕಂಪನಿಯಿಂದ ಬಂದ ಮಾಸ್ಟರ್ ನಂಬರನ್ನು ಅವನು ಹೋದ ತಕ್ಷಣ ಬದಲಾಯಿಸಿ. ಪರೀಕ್ಷೆಗೆ ಅಂತ ಅವನ ಬೆರಳು ಹಾಕಿದ್ದರೆ ಅಳಿಸಿ.

ಬ್ಯಾಟರಿ, ಮತ್ತು ಹೊರಗಿರಬೇಕಾದ ಕೀ

ಒಂದು ದೀಪಾವಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬೆಂಗಳೂರಿಗೆ ವಾಪಸ್ ಬಂದೆವು. ಮಗಳು ಹೆಗಲ ಮೇಲೆ ನಿದ್ದೆ. ಬೆರಳಿಟ್ಟರೆ ದೀಪವೇ ಹತ್ತಲಿಲ್ಲ. ಎರಡು ವಾರದಿಂದ ಅದು ಬ್ಯಾಟರಿ ಕಡಿಮೆ ಅಂತ ಕೂಗುತ್ತಿದ್ದನ್ನು ನಾವು ನಾಳೆ ನೋಡೋಣ ಅಂತ ಬಿಟ್ಟಿದ್ದೆವು. ಲಾಕಿನ ಜೊತೆ ಬಂದಿದ್ದ ಎರಡು ಕೀಗಳೂ ಬೀರುವಿನಲ್ಲಿ, ಅಂದರೆ ಮನೆಯ ಒಳಗೆ. ಕೊನೆಗೆ ಲಾಕಿನ ಕೆಳ ಅಂಚಿನಲ್ಲಿ ರಬ್ಬರ್ ಮುಚ್ಚಳದಡಿ ಒಂದು ಯುಎಸ್‌ಬಿ ತೂತು ಸಿಕ್ಕಿತು. ಫೋನಿನ ಪವರ್ ಬ್ಯಾಂಕ್ ಚುಚ್ಚಿ ಹಿಡಿದು ಬೆರಳಿಟ್ಟ ಮೇಲೆ ಬಾಗಿಲು ತೆಗೆಯಿತು.

ಈ ತೂತು ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ, ಮನೆಯ ಎಲ್ಲರಿಗೂ ತೋರಿಸಿ. ಕೆಲವು ಲಾಕ್‌ಗಳಲ್ಲಿ ಯುಎಸ್‌ಬಿ ಬದಲು ಎರಡು ಲೋಹದ ಚುಕ್ಕಿ ಇರುತ್ತವೆ, ಅದಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡಿಯಬೇಕು. ಒಂದು ಕೀ ಮನೆಯ ಹೊರಗೆ ಇರಲೇಬೇಕು. ಹೊರಗೆ ಅಂದರೆ ಹೂಕುಂಡದ ಕೆಳಗೋ ಮೀಟರ್ ಬಾಕ್ಸಿನ ಮೇಲೋ ಅಲ್ಲ. ತಂಗಿಯ ಮನೆ, ಆಫೀಸಿನ ಡ್ರಾಯರ್, ಅಂಥ ಕಡೆ. ಕಾರಿನಲ್ಲಿ ಇಡಬೇಡಿ.

ಬ್ಯಾಟರಿ ಆಲ್ಕಲೈನ್ ಹಾಕಿ. ರಿಮೋಟಿಗೆ ಹಾಕುವ ಅಗ್ಗದ್ದು ಬೇಡ. ರೀಚಾರ್ಜ್ ಆಗುವಂಥದ್ದೂ ಬೇಡ, ಅದು 1.5ರ ಬದಲು 1.2 ವೋಲ್ಟ್ ಕೊಡುತ್ತದೆ, ಲಾಕಿಗೆ ಲೆಕ್ಕ ತಪ್ಪಿ ಸರಿಯಾದ ಸಮಯಕ್ಕೆ ಎಚ್ಚರಿಕೆ ಕೊಡುವುದಿಲ್ಲ. ನಾಲ್ಕಿದ್ದರೆ ನಾಲ್ಕೂ, ಎಂಟಿದ್ದರೆ ಎಂಟೂ ಒಟ್ಟಿಗೆ ಬದಲಾಯಿಸಿ. ನಾವು ಈಗ ಯುಗಾದಿಗೊಂದು ಸಲ, ದೀಪಾವಳಿಗೊಂದು ಸಲ ಹೊಸದು ಹಾಕುತ್ತೇವೆ, ಎಚ್ಚರಿಕೆಗೆ ಕಾಯುವುದಿಲ್ಲ. ತೆಗೆದವು ಗಡಿಯಾರಕ್ಕೆ ಇನ್ನೂ ಬರುತ್ತವೆ.

ಫಿಟ್ಟಿಂಗ್ ದಿನ ಮತ್ತು ಆಮೇಲೆ

ಫಿಟ್ಟಿಂಗ್ ಮಾಡುವಾಗ ಪಕ್ಕದಲ್ಲೇ ಇರಿ. ಬಾಗಿಲು ತೆರೆದೇ ಇಟ್ಟುಕೊಂಡು ಬೆರಳು, ನಂಬರ್, ಕಾರ್ಡ್, ಕೀ, ನಾಲ್ಕರಲ್ಲೂ ಹತ್ತು ಹತ್ತು ಸಲ ನಾಲಿಗೆ ಒಳಗೆ ಹೊರಗೆ ಹೋಗುತ್ತದಾ ನೋಡಿ. ಆಮೇಲೆ ಒಬ್ಬರು ಒಳಗೆ ಒಬ್ಬರು ಹೊರಗೆ ನಿಂತು ಬಾಗಿಲು ಹಾಕಿ. ಕೀಯನ್ನು ಖಂಡಿತ ಪರೀಕ್ಷಿಸಿ, ಎಷ್ಟೋ ಜನ ಬೇಕಾದ ದಿನವೇ ಮೊದಲ ಸಲ ತಿರುಗಿಸುತ್ತಾರೆ.

ತಾನಾಗಿ ಲಾಕ್ ಆಗುವ ಸೌಲಭ್ಯ ಒಳ್ಳೆಯದು, ಆದರೆ ಬೆಳಿಗ್ಗೆ ಹೊಸ್ತಿಲು ತೊಳೆದು ರಂಗೋಲಿ ಹಾಕಲು ಹೋದವರ ಹಿಂದೆ ಬಾಗಿಲು ಮುಚ್ಚಿಕೊಂಡರೆ? ಒಳಗೆ ಒಲೆಯ ಮೇಲೆ ಹಾಲು. ಮನೆಯ ಪ್ರತಿಯೊಬ್ಬರಿಗೂ, ಫೋನ್ ಕೈಯಲ್ಲಿಲ್ಲದಿದ್ದರೂ ತೆಗೆಯಲು ಬರುವ ಒಂದು ದಾರಿ ಇರಲಿ. ಹೊಸ್ತಿಲು ತೊಳೆಯುವಾಗ ಲಾಕಿಗೆ ನೀರು ಎರಚದಂತೆ ನೋಡಿಕೊಳ್ಳಿ. ಮಳೆ ಬಡಿಯುವ ಗೇಟಿಗೆ ಹಾಕುವುದಾದರೆ ಐಪಿ 65 (ನೀರು, ಧೂಳು ತಡೆಯುತ್ತದೆ ಅನ್ನುವ ಗುರುತು) ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ.

ಒಳಗಿನಿಂದ ಬಾಗಿಲು ನಂಬರ್ ಇಲ್ಲದೆ, ಹ್ಯಾಂಡಲ್ ಒತ್ತಿದರೆ ತೆಗೆಯಬೇಕು. ಬೆಂಕಿ ಬಿದ್ದಾಗ ಯಾರೂ ನಂಬರ್ ಒತ್ತುತ್ತಾ ನಿಲ್ಲುವುದಿಲ್ಲ. ರಾತ್ರಿ ಒಳಗಿನ ಚಿಲಕವನ್ನೂ ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ, ಒಂದು ತರಹದ ಮನೆ ಬಿಟ್ಟು. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಚಿಲಕ ಹಾಕಿದ್ದರೆ, ಅವರು ಬಚ್ಚಲಲ್ಲಿ ಜಾರಿ ಬಿದ್ದ ದಿನ ಯಾವ ಸ್ಮಾರ್ಟ್ ಲಾಕೂ ಸಹಾಯಕ್ಕೆ ಬರುವುದಿಲ್ಲ, ಬಾಗಿಲು ಒಡೆಯಬೇಕು. ಅಲ್ಲಿ ಲಾಕ್ ಒಂದೇ ಇರಲಿ, ನಂಬಿಕೆಯ ಪಕ್ಕದ ಮನೆಯವರಿಗೆ ಒಂದು ನಂಬರ್ ಇರಲಿ.

ಕೆಲಸದವರಿಗೆ ಅವರದ್ದೇ ನಂಬರ್ ಕೊಡಿ, ಅವರು ಬರುವ ಹೊತ್ತಿಗೆ ಮಾತ್ರ ತೆಗೆಯುವ ಹಾಗೆ. ಇದನ್ನು ಅವರಿಗೆ ಹೇಳಿಯೇ ಮಾಡಿ, ಅನುಮಾನ ಅಂತ ಬೇಸರ ಮಾಡಿಕೊಳ್ಳದಂತೆ. ನಿಜಕ್ಕೂ ಇದು ಅವರಿಗೂ ರಕ್ಷಣೆ. ಏನಾದರೂ ಕಾಣೆಯಾದರೆ ಆ ದಿನ ಅವರು ಬಂದೇ ಇರಲಿಲ್ಲ ಅನ್ನುವುದಕ್ಕೆ ದಾಖಲೆ ಇರುತ್ತದೆ. ಪ್ಲಂಬರ್, ಕೊರಿಯರ್‌ನವರಿಗೆ ಒಂದೇ ಸಲ ಕೆಲಸ ಮಾಡುವ ನಂಬರ್ ಸಾಕು.

ಅಂಗಡಿ, ಆಫೀಸು

ರೋಲಿಂಗ್ ಶಟರಿಗೆ ಮನೆಯ ಸ್ಮಾರ್ಟ್ ಲಾಕ್ ಕೂರುವುದಿಲ್ಲ. ಶಟರನ್ನು ಕಳ್ಳರು ಜಾಕ್ ಕೊಟ್ಟು ಮಧ್ಯದಲ್ಲಿ ಎತ್ತುತ್ತಾರೆ. ಹಾಗಾಗಿ ಎರಡೂ ಪಕ್ಕದ ಬೀಗ, ಜೊತೆಗೆ ನೆಲಕ್ಕೆ ಹಿಡಿಯುವ ಮಧ್ಯದ ಬೀಗ, ಅಲ್ಲಾಡಿದರೆ ಕೂಗುವ ಸೈರನ್, ಇವು ಮೊದಲು. ಸ್ಮಾರ್ಟ್ ಲಾಕ್ ಏನಿದ್ದರೂ ಒಳಗಿನ ಗಾಜಿನ ಬಾಗಿಲಿಗೆ, ಗೋಡೌನಿಗೆ, ಕ್ಯಾಶ್ ಇಡುವ ಕೋಣೆಗೆ.

ಗಾಜಿನ ಬಾಗಿಲಿಗೆ ಎರಡು ದಾರಿ ಇವೆ. ಗಾಜನ್ನು ಕೊರೆಯದೆ ಕಚ್ಚಿ ಕೂರುವ ಲಾಕ್ ಒಂದು. ಆಫೀಸುಗಳಲ್ಲಿ ಬಾಗಿಲಿನ ತಲೆಯ ಮೇಲೆ ಕಾಣುವ ಅಯಸ್ಕಾಂತದ ಲಾಕ್ ಇನ್ನೊಂದು. ಸಾಮಾನ್ಯವಾಗಿ ಸಿಗುವ 600 ಪೌಂಡಿನದ್ದು ಸುಮಾರು 270 ಕಿಲೋ ಎಳೆತ ತಡೆಯುತ್ತದೆ. ಆದರೆ ಅದು ಕರೆಂಟ್ ಇರುವ ತನಕ ಮಾತ್ರ. ಕರೆಂಟ್ ಹೋದರೆ ಬಾಗಿಲು ತೆರೆದುಕೊಳ್ಳುತ್ತದೆ, ಬೇಕಂತಲೇ ಹಾಗೆ ಮಾಡಿರುವುದು, ಬೆಂಕಿ ಬಿದ್ದರೆ ಜನ ಒಳಗೆ ಸಿಕ್ಕಿಕೊಳ್ಳಬಾರದು ಅಂತ. ಆದ್ದರಿಂದ ಅದಕ್ಕೆ ಬ್ಯಾಟರಿ ಬ್ಯಾಕಪ್ ಕೊಡಿ, ರಾತ್ರಿ ಮುಚ್ಚುವಾಗ ಕೆಳಗಿನ ಕೀ ಬೀಗವನ್ನೂ ಹಾಕಿ. ಬರೀ ಅಯಸ್ಕಾಂತ ನಂಬಿ ಮನೆಗೆ ಹೋಗಬೇಡಿ. ಜನ ಒಳಗಿರುವಾಗ ಮಾತ್ರ ಆ ಕೀ ಬೀಗ ಹಾಕಬಾರದು.

ಅಂಗಡಿಯಲ್ಲಿ ಎಲ್ಲರಿಗೂ ಒಂದೇ ನಂಬರ್ ಕೊಡುವುದು ದೊಡ್ಡ ತಪ್ಪು. ಎಂಟು ಜನ ಇದ್ದರೆ ಎಂಟು ನಂಬರ್. ಯಾರಾದರೂ ಕೆಲಸ ಬಿಟ್ಟರೆ ಸಂಬಳ ಲೆಕ್ಕ ಮುಗಿಸುವ ದಿನವೇ ಅಳಿಸಿ. ಹುಡುಗರ ಬೆರಳಚ್ಚು ತೆಗೆದುಕೊಳ್ಳುವುದಾದರೆ ಕೇಳಿ ತೆಗೆದುಕೊಳ್ಳಿ. ಪಾಸ್‌ವರ್ಡ್ ಬದಲಾಯಿಸಬಹುದು, ಬೆರಳು ಬದಲಾಯಿಸಲು ಆಗುವುದಿಲ್ಲ. ಅಚ್ಚು ಲಾಕಿನ ಒಳಗೇ ಉಳಿಯುವ, ಹೊರಗೆಲ್ಲೂ ಹೋಗದ ಮಾದರಿ ಕೊಳ್ಳಿ. ಬೇಡ ಅನ್ನುವವರಿಗೆ ಕಾರ್ಡ್ ಕೊಡಿ.

ಮನೆಯನ್ನೋ ಅಂಗಡಿಯನ್ನೋ ಖಾಲಿ ಮಾಡುವಾಗ ಲಾಕನ್ನು ಅಲ್ಲೇ ಬಿಟ್ಟು ಹೋಗುವುದಾದರೆ ಪೂರ್ತಿ ರೀಸೆಟ್ ಮಾಡಿ, ಆ್ಯಪಿನಿಂದ ತೆಗೆದುಹಾಕಿ, ಕೀಗಳನ್ನು ಎಣಿಸಿ ಮಾಲೀಕರ ಕೈಗೆ ಕೊಡಿ. ಬಿಚ್ಚಿಕೊಂಡು ಹೋಗುವುದಾದರೆ ಮೊದಲ ದಿನ ತೆಗೆದಿಟ್ಟ ಹಳೆಯ ಬೀಗ ಬೇಕಾಗುತ್ತದೆ. ಸ್ಕ್ರೂಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಯಾವ ಬಾಗಿಲಿನದ್ದು ಅಂತ ಬರೆದಿಡಿ.